ಹಸಿರು ಹನ್ನೆರಡು, ಕೆಂಪು ಹನ್ನೆರಡು

"ಈ ಕೆಂಪು ನೋಡಿ ಅಫಾಂದೆ," ಎನ್ನುತ್ತ ಹುಳಗಳ ವಿಜ್ಞಾನಿ ಡಾಕ್ಟರ್ ಮ್ಬಾಗಾ ಪೆಟ್ಟಿಗೆಯನ್ನು ಸಾರ್ಜೆಂಟ್ ಸೆಂಬೋಜಾನ ಮೂಗಿಗೆ ತಗಲುವಷ್ಟು ಹತ್ತಿರ ತಂದರು. "ಲುಗೋಂಗೊ ಕಾಡು ಬಿಟ್ರೆ ಈ ಭೂಮಿ ಮೇಲೆ ಬೇರೆಲ್ಲೂ ಸಿಗಲ್ಲ ಈ ಬಣ್ಣ."

ಸೆಂಬೋಜಾ ನೋಡಿದ. ಹತ್ತಿಯ ಹಾಸಿನ ಮೇಲೆ ಹನ್ನೆರಡು ಜೀರುಂಡೆಗಳು ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ತಲೆಯ ಮೇಲೆ ಕವಲೊಡೆದ ಕೊಂಬು. ಎಲ್ಲವೂ ಸ್ಪಷ್ಟವಾಗಿ ಕಂಡವು, ಬಣ್ಣ ಮಾತ್ರ ಕಾಣಲಿಲ್ಲ.

ಹುಟ್ಟಿದಾಗಿನಿಂದ ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಬಾಳೆಲೆಯ ಬಣ್ಣ. ಈ ಸಂಗತಿ ಗೊತ್ತಿದ್ದದ್ದು ಅವನ ತಾಯಿಗೆ, ಹೆಂಡತಿಗೆ ಮತ್ತು ಮೇಲಿರುವವನಿಗೆ. ಪೊಲೀಸ್ ಇಲಾಖೆಗೆ ಗೊತ್ತಾದ ದಿನ, ಜನ 'ಅಫಾಂದೆ' ಎಂದು ಗೌರವದಿಂದ ಕರೆಯುವ ಈ ಸಮವಸ್ತ್ರ ಬಿಚ್ಚಿಟ್ಟು ಪಂಗಾನಿಯ ಕಡಲತೀರಕ್ಕೆ ಹೋಗಿ ಮೀನು ಹಿಡಿಯಬೇಕಾಗುತ್ತದೆ.

"ಭಾರೀ ಕೆಂಪು," ಎಂದ. ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥ ಮಾತನ್ನು ಅಳುಕದೆ ಆಡುವುದನ್ನು ಅವನು ಕಲಿತಿದ್ದ.

ಡಾಕ್ಟರು ಉಬ್ಬಿಹೋದರು. ಬಣ್ಣ ಹಾಗಿರಲಿ, ವಾಸನೆ ನೋಡಬೇಕು ಎಂದರು. ಲುಗೋಂಗೊದ ಈ ಕೆಂಪು ಬಗೆಗೆ ಒಂದು ಪರಿಮಳವಿದೆಯಂತೆ, ಹಸಿರಿಗಿಲ್ಲ, ನೀಲಿಗಿಲ್ಲ. ವರದಿಯಲ್ಲಿ ಪರಿಮಳದ ಮೇಲೇ ಎರಡು ಪುಟ ಬರೆದಿದ್ದಾರಂತೆ. ಸೆಂಬೋಜಾ ಮೂಸಿ ನೋಡಿದ. ಬೆಟ್ಟ ಹತ್ತಿದ ದಿನದಿಂದ ಅವನಿಗೆ ನೆಗಡಿ. ಎರಡು ಸ್ವೆಟರ್ ತೊಟ್ಟರೂ ಮೂಗು ತೆರೆದುಕೊಂಡಿರಲಿಲ್ಲ. ಬಣ್ಣ ಕಾಣದ ಕಣ್ಣು, ವಾಸನೆ ಹಿಡಿಯದ ಮೂಗು. ಸರ್ಕಾರ ಹುಡುಕಿ ಹುಡುಕಿ ಇಂಥ ಪತ್ತೇದಾರನನ್ನೇ ಉಸಾಂಬರಾ ಬೆಟ್ಟಕ್ಕೆ ಕಳಿಸಿತ್ತು.

ಕಳೆದ ಶನಿವಾರ ಕ್ವೆಮ್ಕೋಲೆಯ ಪುಟ್ಟ ಸಂಗ್ರಹಾಲಯದ, ಎಂದರೆ ಊರವರ ಬಾಯಲ್ಲಿ 'ಜೀರುಂಡೆ ಮನೆ'ಯ, ಏಳನೇ ಖಾನೆಯಿಂದ ಹನ್ನೆರಡು ಹಸಿರು ಜೀರುಂಡೆಗಳು ಕಾಣೆಯಾಗಿರುವುದು ಗೊತ್ತಾಗಿತ್ತು. ಬೀಗದ ಕೈ ಇದ್ದದ್ದು ಒಬ್ಬರ ಸೊಂಟದಲ್ಲಿ ಮಾತ್ರ: ಮೂವತ್ತೊಂದು ವರ್ಷದಿಂದ ಆ ಮನೆಯನ್ನು ಕಾದುಕೊಂಡು ಬಂದ ಮ್ಜೇ ಶೆಕಾಲಾಗೆಯ ಸೊಂಟದಲ್ಲಿ. ಮ್ಜೇ ಎಂದರೆ ಊರ ಹಿರಿಯ.

ಇವತ್ತು ಹನ್ನೆರಡು ಗಂಟೆಗೆ ಜಿಲ್ಲೆಯ ಅರಣ್ಯಾಧಿಕಾರಿಯ ಜೀಪು ಬರುವುದಿತ್ತು. ಬರುವಾಗ ಅದು ಒಂದು ಹಲಗೆ ತರುತ್ತದೆ. ಲುಗೋಂಗೊದಲ್ಲಿ ಕೆಂಪು ಜೀರುಂಡೆ ಇರುವುದರಿಂದ ಆ ಕಾಡಿನಲ್ಲಿ ಯಾರೂ ಕೊಡಲಿ ಎತ್ತುವಂತಿಲ್ಲ ಎಂಬ ಹಲಗೆ. ಚಹಾ ತೋಟದವರು ಎರಡು ವರ್ಷದಿಂದ ಆ ಕಾಡಿನ ಮೇಲೆ ಕಣ್ಣಿಟ್ಟಿದ್ದರು. ಹೋಗುವಾಗ ಜೀಪು ಕಳ್ಳನನ್ನು ಒಯ್ಯುತ್ತದೆ. ಕಳ್ಳ ಯಾರೆಂದು ಡಾಕ್ಟರು ಆಗಲೇ ತೀರ್ಮಾನಿಸಿದ್ದರು. ಸೆಂಬೋಜಾ ರುಜು ಹಾಕುವುದೊಂದೇ ಬಾಕಿ.

ಅವನ ಕೈ ಮುಂದೆ ಹೋಗುತ್ತಿರಲಿಲ್ಲ. ಐದು ದಿನದಿಂದ ಏನು ಕೇಳಿದರೂ ಮ್ಜೇ ಹೇಳುತ್ತಿದ್ದದ್ದು ಒಂದೇ ಮಾತು, 'ನಾನು ಮಾರಿಲ್ಲ.' ನಾನು ತೆಗೆದಿಲ್ಲ ಎಂದು ಒಮ್ಮೆಯೂ ಅಂದಿರಲಿಲ್ಲ. ಸುಳ್ಳು ಹೇಳುವವನು ಮೊದಲು ಅದನ್ನೇ ಅನ್ನುತ್ತಾನೆ. ಮುದುಕರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಏನೋ ಅಡ್ಡ ಬರುತ್ತಿದೆ ಎಂದು ಸೆಂಬೋಜಾನಿಗೆ ಅನ್ನಿಸಿತ್ತು.

ಅವನು ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ತೆರೆದ. ಅದು ಮ್ಜೇಯ ದಾಖಲೆ ಪುಸ್ತಕ. ಸಂಗ್ರಹಾಲಯಕ್ಕೆ ಬಂದ ಪ್ರತಿಯೊಂದು ಹುಳವನ್ನೂ ಅವರು ಸೀಸದಕಡ್ಡಿಯಲ್ಲಿ ಬರೆದಿಡುತ್ತಿದ್ದರು, ಬೆನ್ನಿನ ಕಡೆಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು. ಬಣ್ಣ ಹಚ್ಚುತ್ತಿರಲಿಲ್ಲ. ಬಣ್ಣವನ್ನು ಹುಳವೇ ಹೇಳುತ್ತದೆ, ಮುರಿದ ಕಾಲನ್ನು ನಾನು ಬರೆಯಬೇಕು ಎಂಬುದು ಅವರ ವಾದ. ಬಣ್ಣಗುರುಡನಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಎಲ್ಲಿ ಸಿಗಬೇಕು.

ಏಳನೇ ಖಾನೆಯ ಪುಟ ಅವನಿಗೆ ಬಾಯಿಪಾಠವಾಗಿತ್ತು. ಮೂರನೆಯದರ ಎಡಗಡೆಯ ನಡುಗಾಲು ಗಿಣ್ಣಿನಲ್ಲಿ ತುಂಡು. ಎಂಟನೆಯದರ ಕೊಂಬಿನ ಬಲ ಕವಲು ಗಿಡ್ಡ. ಹನ್ನೊಂದನೆಯದರ ಬೆನ್ನಿನಲ್ಲಿ ಉಗುರೊತ್ತಿದಂಥ ತಗ್ಗು.

ಪೆಟ್ಟಿಗೆಯತ್ತ ಬಗ್ಗಿದ. ಮೂರನೆಯದರ ಎಡಗಡೆಯ ನಡುಗಾಲು ಗಿಣ್ಣಿನಲ್ಲಿ ತುಂಡಾಗಿತ್ತು.

ಸೀನಿದ. ಕಣ್ಣೊರೆಸಿಕೊಂಡು ಎಂಟನೆಯದನ್ನು ನೋಡಿದ, ಹನ್ನೊಂದನೆಯದನ್ನು ನೋಡಿದ. ಮತ್ತೆ ಒಂದರಿಂದ ಎಣಿಸಿಕೊಂಡು ಬಂದ. ಪುಟದಲ್ಲಿದ್ದ ಹನ್ನೆರಡೂ ಪೆಟ್ಟಿಗೆಯಲ್ಲಿದ್ದವು.

ಡಾಕ್ಟರು ಈ ಪುಟವನ್ನು ಈ ಪೆಟ್ಟಿಗೆಯ ಪಕ್ಕ ಇಟ್ಟು ನೋಡಿದ್ದಾರೆಯೇ ಎಂದು ಮೆಲ್ಲಗೆ ಕೇಳಿದ. ಅವರಿಗೆ ನಗು ಬಂತು.

"ಅದು ಹಸಿರಿನ ಪುಟ ಅಫಾಂದೆ, ಇದು ಕೆಂಪು. ಮಾವಿನಹಣ್ಣಿನ ಪಕ್ಕ ಹಲಸಿನಹಣ್ಣು ಇಟ್ಟು ಏನ್ ನೋಡೋದು?"

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಮಾತು ಸೆಂಬೋಜಾನ ನಾಲಗೆಯ ತುದಿಗೆ ಬಂತು, ನುಂಗಿಕೊಂಡ. ಅವನಿಗೂ ಒಂದು ಗೊಂದಲವಿತ್ತು. ಊರಿನ ಪ್ರತಿಯೊಬ್ಬರೂ ಇವನ್ನು ಕೆಂಪು ಅನ್ನುತ್ತಾರೆ, ಕಳೆದುಹೋದವನ್ನು ಹಸಿರು ಅನ್ನುತ್ತಾರೆ. ಊರಿನ ಕಣ್ಣನ್ನು ನಂಬಬೇಕೋ, ತನ್ನ ಕೆಟ್ಟ ಕಣ್ಣನ್ನೋ?

ಪೆಟ್ಟಿಗೆಯನ್ನು ಮೇಲೆತ್ತಿ ತಳ ನೋಡಿದ. ಅಲ್ಲಿ ಬೆರಳಗಲಕ್ಕೊಂದರಂತೆ ಕರಿ ಪಟ್ಟೆಗಳಿದ್ದವು, ಮಸಿ ಹಿಡಿದ ಪಟ್ಟೆಗಳು. ನಾಲ್ಕನೆಯ ಪಟ್ಟೆ ಮಾತ್ರ ಉಳಿದವುಗಳ ಮೂರರಷ್ಟು ಅಗಲವಾಗಿತ್ತು. ಹತ್ತಿಯ ಅಂಚಿನಲ್ಲಿ ಏಲಕ್ಕಿ ಸಿಪ್ಪೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಪರಿಮಳ ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಪಾಪ, ಡಾಕ್ಟರ ಎರಡು ಪುಟ.

ಡಾಕ್ಟರು ಪೆಟ್ಟಿಗೆಯನ್ನು ಕೈಬಿಡಲು ಒಪ್ಪಲಿಲ್ಲ. ಪಟ್ಟೆಗಳ ಅಳತೆಯನ್ನು ಒಂದು ಕಾಗದದ ಮೇಲೆ ಗೀಚಿಕೊಂಡು ಸೆಂಬೋಜಾ ಹೊರಬಿದ್ದ. ಗಂಟೆ ಹತ್ತೂವರೆಯಾಗಿತ್ತು.

ಜೀರುಂಡೆ ಮನೆಯ ಹಿಂದಿನ ಇಳಿಜಾರಿನಲ್ಲೇ ಬೀ ರಿಜಿಕಿಯ ಏಲಕ್ಕಿ ಒಣಗಿಸುವ ಗುಡಿಸಲು. ಬೀ ರಿಜಿಕಿ ಮ್ಜೇಯ ತಂಗಿ, ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವಳು, ಮಾತಿನಲ್ಲಿ ನಲವತ್ತು ವರ್ಷ ದೊಡ್ಡವಳು. ಸೆಂಬೋಜಾ ಹೊರಗೆ ನಿಂತು ಪದ್ಧತಿಯಂತೆ ಮೂರು ಸಲ 'ಹೋದಿ', ಒಳಗೆ ಬರಬಹುದೇ, ಎಂದು ಕೂಗಿದ. ಮೂರನೆಯದಕ್ಕೆ ಒಳಗಿನಿಂದ 'ಕರಿಬು', ಬಾ, ಎಂದು ಬಂತು. ಹಿಂದೆಯೇ ಒಂದು ಬಟ್ಟಲು ಮಕಾಂದೆಯೂ ಬಂತು. ಬೇಯಿಸಿದ ಮೆಕ್ಕೆಜೋಳ, ಹುರುಳಿಕಾಳು, ಮೇಲೆ ತೆಂಗಿನಹಾಲು. ತನ್ನ ಮನೆಯಲ್ಲಿ ಉಣ್ಣದವರ ಪ್ರಶ್ನೆಗೆ ಉತ್ತರ ಕೊಡುವ ರೂಢಿಯಿಲ್ಲ ಎಂದಳು. ಗಡಿಯಾರ ನೋಡಿಕೊಳ್ಳುತ್ತಲೇ ಅವನು ಉಂಡ.

ಉಂಡಾದ ಮೇಲೆ ಅವನು ಹುಳಗಳ ಕಾಲು, ಕೊಂಬು ಎಣಿಸಿ ನೋಡಿದ್ದನ್ನು ಹೇಳಿದರೂ ಅವಳು ಬಾಯಿ ಬಿಡಲಿಲ್ಲ. ಯಾವ ಪೆಟ್ಟಿಗೆ, ಯಾವ ಹುಳ, ನಮಗೆ ಏಲಕ್ಕಿ ನೋಡಿಕೊಳ್ಳುವುದಕ್ಕೇ ಹೊತ್ತಿಲ್ಲ ಎಂದಳು. ಸೆಂಬೋಜಾ ಎದ್ದು, ಬೆಂಕಿಯ ಗುಂಡಿಯ ಮೇಲಿದ್ದ ಬಿದಿರಿನ ಅಟ್ಟದ ಹತ್ತಿರ ಹೋಗಿ ಕಾಗದ ಹಾಸಿದ. ಗೀಟಿಗೆ ಗೀಟು ಕೂತಿತು. ನಾಲ್ಕನೆಯ ದಬ್ಬೆಯಾದ ಮೇಲೆ ಒಂದು ದಬ್ಬೆ ಮುರಿದುಬಿದ್ದಿತ್ತು. ಹೊಗೆ ನುಗ್ಗುವ ಆ ಸಂದಿಗೆ ಸರಿಯಾಗಿ ಕಾಗದದಲ್ಲೂ ಅಗಲದ ಪಟ್ಟೆ.

ಬೀ ರಿಜಿಕಿ ಬಗ್ಗಿ ದಬ್ಬೆಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದಳು. ಆಮೇಲೆ, ಕೈಗೆ ಮಸಿಯಾಗಿದೆ, ಹೊರಗೆ ಹಗ್ಗದ ಮೇಲೆ ಒಣಹಾಕಿದ ಕೆಂಪು ಕಾಂಗಾ ತಂದುಕೊಡು ಎಂದಳು. ಹೊರಗೆ ಎರಡು ಕಾಂಗಾ ನೇತಾಡುತ್ತಿದ್ದವು. ಸೆಂಬೋಜಾ ದೇವರ ಮೇಲೆ ಭಾರ ಹಾಕಿ ಒಂದನ್ನು ಎಳೆದು ತಂದ.

ಅವಳು ಬಟ್ಟೆಯನ್ನು ನೋಡಿದಳು, ಅವನ ಮುಖ ನೋಡಿದಳು. ಹೊರಗೆ ಇಣುಕಿ, ಉಳಿದ ಇನ್ನೊಂದನ್ನೂ ನೋಡಿ ಬಂದಳು. ನಗು ತಡೆಯಲಾರದೆ ಏಲಕ್ಕಿ ಚೀಲದ ಮೇಲೆ ಕುಸಿದು ಕೂತಳು.

"ಅದಕ್ಕೇ ಮತ್ತೆ," ಎಂದಳು ಕಣ್ಣೊರೆಸಿಕೊಂಡು. "ಊರೆಲ್ಲ ಬಣ್ಣ ನೋಡ್ತಾ ಕೂತಿತ್ತು, ನೀನೊಬ್ಬ ಕಾಲು ಎಣಿಸ್ದೆ. ಹೆದರ್ಬೇಡ ಮಗಾ, ನಾನು ಯಾರಿಗೂ ಹೇಳಲ್ಲ."

ನಕ್ಕಮೇಲೆ ಮನಸ್ಸು ಹಗುರಾಯಿತೋ ಏನೋ, ಎಲ್ಲವನ್ನೂ ಹೇಳಿದಳು. ಎರಡು ತಿಂಗಳ ಹಿಂದೆ ಮಳೆ ಹೊಯ್ಯುತ್ತಿದ್ದಾಗ ಏಳನೇ ಖಾನೆಗೆ ಬೂಷ್ಟು ಹಿಡಿದಿತ್ತು, ಇರುವೆಯೂ ಮುತ್ತಿತ್ತು. ಈ ಬೆಟ್ಟದಲ್ಲಿ ಮಳೆಗಾಲಕ್ಕೆ ಒಣಗಿದ ಜಾಗ ಅಂದರೆ ಏಲಕ್ಕಿ ಅಟ್ಟ ಒಂದೇ. ಮದುವೆಯ ಬಟ್ಟೆ, ಹೊಲದ ಪತ್ರ, ಮಕ್ಕಳ ಶಾಲೆಯ ಪುಸ್ತಕ, ಎಲ್ಲವನ್ನೂ ಅಲ್ಲೇ ಇಡುತ್ತಾರೆ. ಅಣ್ಣನೂ ಹುಳಗಳನ್ನು ಒಂದು ಪೆಟ್ಟಿಗೆಯಲ್ಲಿ ಚುಚ್ಚಿ ತಂದು, ಒಂದು ರಾತ್ರಿ ಇರಲಿ ಎಂದು ಇಟ್ಟುಹೋದ. ಮಾರನೇ ದಿನ ಪಕ್ಕದ ಬೆಟ್ಟದಲ್ಲಿ ಅವರ ಸೋದರಮಾವ ತೀರಿಕೊಂಡ. ಮಣ್ಣಿಗೆಂದು ಇಬ್ಬರೂ ಹೋದವರು ಬಂದದ್ದು ನಾಲ್ಕು ದಿನಕ್ಕೆ. ನೆರೆಯವರು ಉಪಕಾರ ಮಾಡೋಣವೆಂದು ಬೆಂಕಿ ಆರದಂತೆ ನೋಡಿಕೊಂಡಿದ್ದರು.

"ಬಂದು ನೋಡಿದ್ರೆ ಹಸಿರು ಹುಳ ಎಲ್ಲ ತಾಮ್ರದ ಬಿಂದಿಗೆ ಆಗಿದ್ವು. ಈ ಅಟ್ಟದ ಗುಣವೇ ಅಂಥದ್ದು. ಅಗೋ, ಆ ಬೆಕ್ಕು ಹುಟ್ಟಿದ್ದು ಬಿಳಿ."

ಅಟ್ಟದ ಮೂಲೆಯಲ್ಲಿ ಚಹಾದ ಬಣ್ಣದ ಬೆಕ್ಕೊಂದು ಮಲಗಿತ್ತು. ಈ ಬಣ್ಣ ಸೆಂಬೋಜಾನಿಗೂ ಕಂಡಿತು.

ಅಣ್ಣ ಅವತ್ತು ಅತ್ತುಬಿಟ್ಟ, ಪೆಟ್ಟಿಗೆ ಎತ್ತಿಕೊಂಡು ಹೋದ, ಮುಂದಿನದು ತನಗೆ ಗೊತ್ತಿಲ್ಲ ಎಂದಳು ಬೀ ರಿಜಿಕಿ. ಹಾಳುಮಾಡಿದೆನಲ್ಲ ಎಂಬ ನಾಚಿಕೆಗೆ ಬಾಯಿ ಕಟ್ಟಿಕೊಂಡಿದ್ದಾನೆ, ನೀನೇ ಬಿಡಿಸು ಎಂದು ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಈಗ ನಗುವಿರಲಿಲ್ಲ.

ಸೆಂಬೋಜಾ ಇಳಿಜಾರನ್ನು ಓಡಿಯೇ ಹತ್ತಿದ. ಅವನಿಗೆ ಖುಷಿ ತಡೆಯಲಾಗುತ್ತಿರಲಿಲ್ಲ. ಒಬ್ಬ ನಿರಪರಾಧಿಯನ್ನು ಉಳಿಸುವ ಅವಕಾಶ ಪೊಲೀಸಿನವನಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಮ್ಜೇ ಶೆಕಾಲಾಗೆ ಜೀರುಂಡೆ ಮನೆಯಲ್ಲಿ ಕೋಟು ತೊಟ್ಟು, ಬಟ್ಟೆಯ ಗಂಟನ್ನು ಪಕ್ಕಕ್ಕಿಟ್ಟುಕೊಂಡು ಪ್ರಯಾಣಕ್ಕೆ ಹೊರಟವರಂತೆ ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಅವರೇ ಬರೆದ ಬೆಟ್ಟದ ನಕ್ಷೆ. ಕೆಳಗೆ ಚಹಾ ತೋಟದ ಅಂಚಿಗೆ ನೀಲಿ ಜೀರುಂಡೆಯ ದಾರ, ಮೇಲೆ ಕ್ವೆಸಿಂಬಾ ಏಣಿನ ಉದ್ದಕ್ಕೂ ಹಸಿರು ದಾರ, ತುತ್ತತುದಿಯ ಲುಗೋಂಗೊಕ್ಕೆ ಡಾಕ್ಟರು ಹೋದ ತಿಂಗಳು ಸುತ್ತಿದ ಕೆಂಪು ದಾರ. ಈ ಮೂರರಲ್ಲಿ ಸೆಂಬೋಜಾನಿಗೆ ನಂಬಿಕೆಯಿದ್ದದ್ದು ನೀಲಿಯ ಮೇಲೆ ಮಾತ್ರ.

"ಶಿಕಮೂ ಮ್ಜೇ," ಎಂದ. ಹಿರಿಯರಿಗೆ ಕೈಕೋಳ ಹಾಕುವ ಮೊದಲೂ ಈ ನಮಸ್ಕಾರ ಅನ್ನಲೇಬೇಕು, ಬಿಡಿಸುವ ಮೊದಲೂ ಅನ್ನಲೇಬೇಕು.

"ಮರಹಬಾ," ಎಂದರು ಮುದುಕರು.

ಅವನು ಪುಟ ತೆರೆದ, ಕಾಗದ ಹಾಸಿದ, ಮೂರನೆಯದರ ಕಾಲಿನಿಂದ ಮುರಿದ ದಬ್ಬೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಏನೂ ಕಳುವಾಗಿಲ್ಲ, ಜೀಪು ಬಂದ ಕೂಡಲೇ ಹೇಳಿಬಿಡುತ್ತೇನೆ, ಕೋಟು ಬಿಚ್ಚಿ ಚಹಾ ಕುಡಿಯಿರಿ ಎಂದ. ಮ್ಜೇಯ ಮುಖ ಅರಳಲಿಲ್ಲ. ಅವರು ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

"ಆ ದಿನ ಪೆಟ್ಟಿಗೆ ಈ ಮೇಜಿನ ಮೇಲಿತ್ತು," ಎಂದರು. "ಡಾಕ್ಟ್ರು ಬಾಗಿಲು ತಳ್ಳಿ ಬಂದ್ರು. ಕೆಂಪು ಕಂಡಿದ್ದೇ ತಡ, ಲುಗೋಂಗೊದ್ದಾ ಅಂದ್ರು. ನಮ್ಮಪ್ಪ ಅಲ್ಲಿ ಕೆಂಪು ನೋಡಿದ್ದ ಅಂತ ಅವರಿಗೆ ನೂರು ಸಲ ಹೇಳಿದ್ದೋನು ನಾನೇ. ನಾನು ಹೌದು ಅನ್ನಲಿಲ್ಲ."

"ಇಲ್ಲ ಅಂದ್ರಾ?"

"ಕೆಮ್ಮಿದೆ."

ಆ ಕೆಮ್ಮನ್ನೇ ಡಾಕ್ಟರು ಹೌದು ಎಂದು ಬರೆದುಕೊಂಡರು. ವರದಿ ಜಿಲ್ಲೆಗೆ ಹೋಯಿತು, ಚಹಾ ತೋಟದವರ ಅರ್ಜಿ ಬಿದ್ದುಹೋಯಿತು, ಹಲಗೆಗೆ ಬಣ್ಣ ಬಳಿದದ್ದಾಯಿತು. ಆಮೇಲೆ ಕೆಂಪನ್ನು ಹಸಿರಿನ ಜತೆ ಹೋಲಿಸೋಣವೆಂದು ಡಾಕ್ಟರು ಏಳನೇ ಖಾನೆ ಎಳೆದರೆ ಅದು ಖಾಲಿ. ತಮ್ಮ ಮೇಜಿನ ಮೇಲೆ ಇಟ್ಟುಕೊಂಡ ಹುಳಗಳನ್ನೇ ಕದ್ದರೆಂದು ದೂರು ಬರೆದುಕೊಟ್ಟರು.

ಜೀರುಂಡೆಯ ಹಂಗಾಮು ಇನ್ನೂ ಮುಗಿದಿಲ್ಲವಲ್ಲ, ಕ್ವೆಸಿಂಬಾದಿಂದ ಬೇರೆ ಹನ್ನೆರಡು ಹಸಿರು ಹಿಡಿದುತಂದು ಖಾನೆ ತುಂಬಬಹುದಿತ್ತಲ್ಲ ಎಂದು ಸೆಂಬೋಜಾ ಕೇಳಿದ. ಮ್ಜೇಗೆ ಮೊದಲ ಬಾರಿ ಸಿಟ್ಟು ಬಂತು. ಆ ಪುಟದಲ್ಲಿ ಬರೆದ ಹುಳಗಳು ಅವಲ್ಲ, ಪುಸ್ತಕದಲ್ಲಿ ಸುಳ್ಳು ಬರೆಯಲಿಕ್ಕಾಗುತ್ತದೆಯೇ ಎಂದರು. ಕೆಮ್ಮುವುದು ಬೇರೆ, ಬರೆಯುವುದು ಬೇರೆ. ಸೆಂಬೋಜಾನಿಗೆ ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

"ಕೇಳು ಅಫಾಂದೆ. ಲುಗೋಂಗೊ ತೊರೆ ನೀರನ್ನ ಮೂರು ಊರು ಕುಡಿಯುತ್ತೆ. ನಮ್ಮ ಹಿರಿಯರಿಗೆ ಅನ್ನ ಇಡೋ ಮರ ಅಲ್ಲಿದೆ. ಹಸಿರು ಎಲ್ಲಿ ಹೋಯ್ತು ಅಂತ ನೀನು ಬಾಯಿ ಬಿಟ್ರೆ, ಕೆಂಪು ಎಲ್ಲಿಂದ ಬಂತು ಅಂತಾನೂ ಹೇಳಿದ ಹಾಗೆ. ಹಲಗೆ ಹಂಗೇ ವಾಪಸ್ ಹೋಗುತ್ತೆ. ಅದಕ್ಕಿಂತ ನಾನು ಕಳ್ಳ ಆಗೋದು ಅಗ್ಗ."

ಹೀಗೆಂದು ಎರಡೂ ಕೈಗಳನ್ನು ಮುಂದೆ ನೀಡಿದರು.

ಸೆಂಬೋಜಾ ಕೈಕೋಳ ತೆಗೆಯಲಿಲ್ಲ. ಮೂವತ್ತೊಂದು ವರ್ಷ ಒಂದು ಸೂಜಿಯನ್ನೂ ಮನೆಗೊಯ್ಯದ ಕೈಗಳು ಅವು. ಇದು ನನ್ನಿಂದಾಗದು ಎಂದ. ನಿಜ ಗೊತ್ತಿದ್ದೂ ಬೀಗ ಹಾಕಿದರೆ ಅನ್ನ ಇಳಿಯುವುದಿಲ್ಲ, ಸಾಕ್ಷಿ ಇಟ್ಟುಕೊಂಡು ಸುಮ್ಮನಿರಲಾರೆ ಎಂದ.

"ಏನು ಸಾಕ್ಷಿ?"

"ನನ್ನ ಕಣ್ಣು."

"ಮೊನ್ನೆ ಈ ನಕ್ಷೆ ನೋಡ್ವಾಗ ಲುಗೋಂಗೊ ದಾರಾನ ತೋರಿಸಿ ಹಸಿರು ಅಂದೆ," ಎಂದರು ಮ್ಜೇ ಮೆತ್ತಗೆ. "ನಾನು ಕೇಳಿಸಿಕೊಳ್ಳದೋನ ಹಾಗಿದ್ದೆ. ಕೋರ್ಟಲ್ಲಿ ಕೇಳಿದ್ರೆ ಹಾಗಿರೋಕೆ ಆಗಲ್ಲ ಮಗಾ."

ಮುದುಕರ ದನಿಯಲ್ಲಿ ಬೆದರಿಕೆಯಿರಲಿಲ್ಲ, ಇದ್ದದ್ದು ಬೇಡಿಕೆ. ಅದರಿಂದಲೇ ಸೆಂಬೋಜಾನಿಗೆ ಇನ್ನಷ್ಟು ಕಷ್ಟವಾಯಿತು. ಸಮವಸ್ತ್ರ ಹೋಗುತ್ತದೆ ಎಂಬ ಭಯ ಒಂದು ಕಡೆ, ಈ ಮನುಷ್ಯನನ್ನು ಕಳ್ಳನೆಂದು ಕರೆಯಬೇಕಲ್ಲ ಎಂಬ ಸಂಕಟ 
ಇನ್ನೊಂದು ಕಡೆ. ಅವನಿನ್ನೂ ಯೋಚಿಸುತ್ತ ನಿಂತಿದ್ದಾಗಲೇ ಹೊರಗೆ ಜೀಪು ಬಂದು ನಿಂತಿತು, ಹನ್ನೆರಡಕ್ಕೆ ಹತ್ತು ನಿಮಿಷ ಮೊದಲೇ.

ಅರಣ್ಯಾಧಿಕಾರಿ ಗಿಡ್ಡನೆಯ, ಗಟ್ಟಿಯಾದ ಹೆಂಗಸು. ಬೂಟಿನ ಕೆಸರು ಕೊಡವಿಕೊಳ್ಳುತ್ತ ಇಳಿದರು. ಹಿಂದೆ ಹಲಗೆ ಕಾಣುತ್ತಿತ್ತು, ಹಗ್ಗ ಬಿಗಿದದ್ದು ಇನ್ನೂ ಬಿಚ್ಚಿರಲಿಲ್ಲ. ಡಾಕ್ಟರ್ ಮ್ಬಾಗಾ ಪೆಟ್ಟಿಗೆ ವರದಿ ಎರಡನ್ನೂ ಎದೆಗವಚಿಕೊಂಡು ಓಡಿಬಂದರು. ಇವರಿಬ್ಬರೂ ಬಾಯಿ ತೆರೆಯುವ ಮೊದಲೇ ಮ್ಜೇ ಶೆಕಾಲಾಗೆ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಿದ್ದರು.

"ಕಳ್ಳ ನಾನೇ ತಾಯಿ. ಹಸಿರು ಹನ್ನೆರಡೂ ನಾನೇ ತೆಗೆದೆ. ಕರ್ಕೊಂಡು ಹೋಗಿ."

ಹುಟ್ಟಿದಾಗಿನಿಂದ ಅವರು ಆಡಿದ ಮೊದಲ ಸುಳ್ಳು ಅದಾಗಿರಬೇಕು. ಅದರಲ್ಲೂ ಅರ್ಧ ನಿಜವೇ ಇತ್ತು. ಸೆಂಬೋಜಾ ಗೋಡೆಗೆ ಒರಗಿ ನಿಂತುಬಿಟ್ಟ.

ಅಧಿಕಾರಿಗೆ ಸಂತೋಷವೇನೂ ಆಗಲಿಲ್ಲ. ಕೆಂಪು ಹುಳಗಳನ್ನು ತಂದುಕೊಟ್ಟವರು ಯಾರು ಎಂದು ಡಾಕ್ಟರನ್ನು ಕೇಳಿದರು. ಇವರೇ ಎಂದರು ಡಾಕ್ಟರು. ಕಾಡಿನಲ್ಲಿ ಜೀವಂತ ಕೆಂಪನ್ನು ತಾವು ನೋಡಿದ್ದೀರಾ ಎಂದು ಕೇಳಿದರು. ಡಾಕ್ಟರು ವರದಿಯ ಪುಟ ಮಗುಚಿದರು, ಪರಿಮಳದ ಭಾಗದವರೆಗೂ ಹೋದರು, ಆಮೇಲೆ ಇಲ್ಲ ಎಂದರು. ಅಧಿಕಾರಿ ಜೇಬಿನಿಂದ ಒಂದು ಕಾಗದ ತೆಗೆದರು. ಚಹಾ ತೋಟದವರು ಮತ್ತೆ ಅರ್ಜಿ ಹಾಕಿದ್ದರು, ಲುಗೋಂಗೊದಲ್ಲಿ ಅಂಥ ಹುಳವೇ ಇಲ್ಲ ಎಂದು.

"ಇಷ್ಟು ದಿನ ಒಬ್ಬ ಮರ್ಯಾದಸ್ಥ ಮ್ಜೇ ಮಾತಿದೆ ಅಂತ ನಾನು ಜಗಳ ಆಡಿದೆ," ಎಂದರು. "ಈಗ ಕಳ್ಳನ ಮಾತಾಯ್ತು. ಕಳ್ಳನ ಮಾತಿನ ಮೇಲೆ ನಾನು ಕಾಡು ಉಳಿಸೋದು ಹೇಗೆ?"

ಮ್ಜೇಯ ಕೈಗಳು ಹಾಗೇ ಚಾಚಿಕೊಂಡಿದ್ದವು. ಅವುಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಾಡಿಗಾಗಿ ಮಾನ ಕೊಟ್ಟಿದ್ದರು. ಆ ಮಾನವನ್ನೇ ನಂಬಿಕೊಂಡು ಕಾಡು ನಿಂತಿತ್ತೆಂದು ಈಗ ಗೊತ್ತಾಗಿತ್ತು. ಸೆಂಬೋಜಾ ಗೋಡೆ ಬಿಟ್ಟು ಮುಂದೆ ಬಂದ.

"ನಾನು ನೋಡಿದೀನಿ," ಎಂದ.

ಎಲ್ಲರೂ ಅವನತ್ತ ತಿರುಗಿದರು.

"ಜೀವಂತ?" ಎಂದರು ಅಧಿಕಾರಿ.

"ಜೀವಂತ. ತನಿಖೆಗೆ ಅಂತ ಹೋದಾಗ, ಲುಗೋಂಗೊ ತುದೀಲಿ."

"ಕೆಂಪು?"

"ಭಾರೀ ಕೆಂಪು."

ಅಧಿಕಾರಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸಮವಸ್ತ್ರ ನೋಡಿ ಸಮಾಧಾನವಾದಂತೆ ಕಂಡಿತು. ಹಾಗಾದರೆ ಈಗಲೇ ಹೊರಡೋಣ, ಸಾರ್ಜೆಂಟರೇ ಮುಂದೆ ನಡೆದು ತೋರಿಸಲಿ ಎಂದರು. ಒಂದೇ ಒಂದು ಕೆಂಪು ಹುಳ ಮರದ ಮೇಲೆ ಹರಿದಾಡುವುದನ್ನು ಕಂಡರೆ ನಾನೇ ಕೈಯಾರೆ ಹಲಗೆ ನೆಡುತ್ತೇನೆ. ಸಂಜೆಯೊಳಗೆ ಕಾಣದಿದ್ದರೆ ಹಲಗೆ, ಕಳ್ಳ, ಸಾರ್ಜೆಂಟ್ ಮೂವರೂ ಜೀಪಿನಲ್ಲಿ ಜಿಲ್ಲೆಗೆ. ನಾಳೆಯಿಂದ ಕೊಡಲಿ ಕೆಲಸ ಶುರು.

ಸೆಂಬೋಜಾ ಸ್ವೆಟರ್ ಕೆಳಗೆಳೆದುಕೊಂಡು ಕಾಡಿನ ದಾರಿಗೆ ಇಳಿದ. ಲುಗೋಂಗೊಕ್ಕೆ ಅವನು ಇದುವರೆಗೆ ಕಾಲಿಟ್ಟಿರಲಿಲ್ಲ. ಮೊದಲ ಕವಲಿನಲ್ಲೇ ನಿಂತು, ಹಿಂದಿನಿಂದ ಬರುತ್ತಿದ್ದ ಮ್ಜೇಗಾಗಿ ಕಾದ. ಅಧಿಕಾರಿಯೂ ಡಾಕ್ಟರೂ ಇಪ್ಪತ್ತು ಹೆಜ್ಜೆ ಹಿಂದಿದ್ದರು.

"ಯಾವ ಮರದ ಹತ್ರ ಮ್ಜೇ?" ಎಂದು ಪಿಸುಗುಟ್ಟಿದ. "ಹೋಗಿ ನಿಂತ್ಕೊಳ್ಳೋಣ. ಕೆಂಪು ಬಂದಾಗ ನನ್ನ ಕೈ ಅದುಮಿ, ನಾನು ತೋರಿಸ್ತೀನಿ. ನೀವು ಕೊನೇ ಸಲ ನೋಡಿದ್ದು ಎಲ್ಲಿ?"

ಮುದುಕರು ಹಿಂದೆ ಬರುತ್ತಿದ್ದವರತ್ತ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಮೂವತ್ತೊಂದು ವರ್ಷ ಹುಡುಕಿದೀನಿ ಮಗಾ," ಎಂದರು. "ನಾನು ಒಂದನ್ನೂ ನೋಡಿಲ್ಲ."